ದನಿ ಒರಟು ಅಂದರಾ? ಇವರ ಕಥೆ ಓದಿ

ಮಗಳ ದನಿ ಒರಟು ಅಂತ ಸಂಗೀತದ ಟೀಚರು ಅಂದುಬಿಟ್ಟರಾ? ಫೀಸು ದಂಡ ಅಂತ ಕ್ಲಾಸು ಬಿಡಿಸೋ ಮುಂಚೆ ಒಂದ್ನಿಮಿಷ ಕೂತು ಕುಂದಗೋಳದ ರಾಮಭಾವು ಅವರ ಕಥೆ ಓದಿ. ಯರಗುಪ್ಪಿ, ಸಂಶಿ ಕಡೆ ತವರುಮನೆ ಇರುವವರಿಗೆ ಈ ಹೆಸರು ಹೊಸದಲ್ಲ. ಉಳಿದವರಿಗೆ ಸವಾಯಿ ಗಂಧರ್ವ ಅಂದರೆ ಥಟ್ಟನೆ ಗೊತ್ತಾಗುತ್ತೆ.

1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ್ ಅವರದು ಹುಟ್ಟಾ ಇಂಪಾದ ಕಂಠವಲ್ಲ. ಶಾಲೆ ಅರ್ಧಕ್ಕೇ ಬಿಟ್ಟ ಹುಡುಗನನ್ನು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಶಿಷ್ಯನಾಗಿ ಒಪ್ಪಿಕೊಂಡಿದ್ದು, ಎಂಟು ವರ್ಷ ಬಿಡದೆ ಕಲಿಯಬೇಕು ಅನ್ನೋ ಕರಾರಿನ ಮೇಲೆ. ಆಮೇಲೂ ಕಚೇರಿಯಲ್ಲಿ ದನಿ ಕಾಯಲು ಹೊತ್ತು ಬೇಕಾಗುತ್ತಿತ್ತು. ಕಾದು ಕೂತವರಿಗೆ ಮಾತ್ರ ಹಬ್ಬ! ಇಂದಿನ ಟೀವಿ ಸ್ಪರ್ಧೆಯಲ್ಲಿದ್ದಿದ್ದರೆ ಮೊದಲ ಸುತ್ತಲ್ಲೇ ಮನೆಗೆ ಕಳಿಸಿಬಿಡುತ್ತಿದ್ದರೇನೋ.

ಕಲಿತು ಹೊರಬಂದವರು ಸೇರಿದ್ದು ಮರಾಠಿ ನಾಟಕ ಕಂಪನಿ. ಗುರುಗಳಿಗೆ ಅದು ಹಿಡಿಸಲಿಲ್ಲ. ಆದರೂ ಸೀರೆಯುಟ್ಟು ಸ್ತ್ರೀಪಾತ್ರ ಮಾಡಿ, ರಂಗಗೀತೆಗಳಿಂದ ಜನರನ್ನು ಹುಚ್ಚೆಬ್ಬಿಸಿದರು. ಸವಾಯಿ ಗಂಧರ್ವ ಅನ್ನೋ ಬಿರುದು ಬಂದದ್ದೂ ಆಗಲೇ. ಸವಾಯಿ ಅಂದರೆ ಒಂದೂಕಾಲು. ಬಾಲಗಂಧರ್ವರಿಗಿಂತ ಕಾಲು ಪಾಲು ಜಾಸ್ತಿ ಅಂತ ಅಭಿಮಾನಿಗಳ ಲೆಕ್ಕ!

ಮುಂದೆ ನಾಟಕ ಬಿಟ್ಟರು, ಪೂರ್ತಿ ಕಚೇರಿಗೇ ಮರಳಿದರು, ಊರಲ್ಲಿ ಪಾಠ ಶುರು ಮಾಡಿದರು. ಆಗ ವಯಸ್ಸು ಐವತ್ತರ ಆಸುಪಾಸು. 1930ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದವರು ಯಾರು ಗೊತ್ತೇ? ಗಂಗೂಬಾಯಿ ಹಾನಗಲ್. ಮನೆ, ಮಕ್ಕಳ ಜವಾಬ್ದಾರಿ ಇದ್ದ ಹೆಣ್ಣುಮಗಳು. ಅಷ್ಟು ದೂರ ಬಂದವಳು ಅಂತ ಗುರುಗಳು ಹತ್ತು ರಾಗ ಒಟ್ಟಿಗೇ ಕಲಿಸಲಿಲ್ಲ. ಒಂದೇ ಸಾಲನ್ನು ಗಂಟೆಗಟ್ಟಲೆ ತಿದ್ದಿಸುತ್ತಿದ್ದರು. ಅದೇ ಮನೆಯಲ್ಲಿ ನೀರು ಹೊತ್ತು, ಕೆಲಸ ಮಾಡಿಕೊಂಡು ಕಲಿತ ಇನ್ನೊಬ್ಬ ಹುಡುಗ ಭೀಮಸೇನ ಜೋಶಿ.

1940ರ ದಶಕದಲ್ಲಿ ಪಾರ್ಶ್ವವಾಯು ಬಡಿಯಿತು. ಅಷ್ಟು ಕಷ್ಟಪಟ್ಟು ತಿದ್ದಿಕೊಂಡ ಕಂಠ, ಕಚೇರಿಯೇ ನಿಂತುಹೋಯಿತು. ಪಾಪ, ಎಂಥ ಸಂಕಟ ಇದ್ದಿರಬೇಕು! ಪಾಠ ಮಾತ್ರ ಪೂರ್ತಿ ಬಿಡಲಿಲ್ಲ. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತು ನಡೆಸಿದ್ದು ಆ ನೀರು ಹೊತ್ತ ಹುಡುಗನೇ.