ಕೈನೋವಿನಿಂದ ಹುಟ್ಟಿದ ಜೆರಾಕ್ಸ್

ಇಂಟರ್ನಲ್ಸ್ ಹಿಂದಿನ ದಿನ ಜೆರಾಕ್ಸ್ ಅಂಗಡೀಲಿ ಕ್ಯೂ ನಿಲ್ಲದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಆದರೆ ಆ ಮೆಷಿನ್‌ಗೆ ಮೂಲವಾದ ಚೆಸ್ಟರ್ ಕಾರ್ಲ್‌ಸನ್ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾರ್ಲ್‌ಸನ್ ಹುಟ್ಟಿದ್ದು 1906ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಅಪ್ಪ ಕ್ಷೌರಿಕರು. ಕ್ಷಯ, ಸಂಧಿವಾತ ಎರಡೂ ಇದ್ದಿದ್ದರಿಂದ ಅವರಿಗೆ ದುಡಿಯೋಕೆ ಆಗ್ತಿರಲಿಲ್ಲ. ಹೈಸ್ಕೂಲಿಗೆ ಬರುವಷ್ಟರಲ್ಲಿ ಮನೆಯ ಭಾರ ಹುಡುಗನ ಮೇಲೆ ಬಿತ್ತು. ಹದಿನೇಳನೇ ವಯಸ್ಸಿಗೆ ತಾಯಿಯೂ ತೀರಿಕೊಂಡರು. ಹೇಗೋ ಓದಿ 1930ರಲ್ಲಿ ಕ್ಯಾಲ್‌ಟೆಕ್‌ನಿಂದ ಫಿಸಿಕ್ಸ್ ಡಿಗ್ರಿ ಪಡೆದರು. ಅದು ಆರ್ಥಿಕ ಕುಸಿತದ ಕಾಲ. 82 ಕಂಪನಿಗಳಿಗೆ ಬರೆದರೂ ಕೆಲಸ ಸಿಗಲಿಲ್ಲ. ಕೊನೆಗೆ ಸೇರಿದ್ದು ನ್ಯೂಯಾರ್ಕಿನ ಬೆಲ್ ಲ್ಯಾಬ್ಸ್. 1933ರಲ್ಲಿ ಅದೂ ಕೈತಪ್ಪಿತು.

ಆಮೇಲೆ ಇನ್ನೊಂದು ಕಂಪನಿಯ ಪೇಟೆಂಟ್ ವಿಭಾಗಕ್ಕೆ ಸೇರಿದರು. ಅಲ್ಲಿ ಪ್ರತಿಗಳು ಎಷ್ಟಿದ್ದರೂ ಸಾಲದು. ಟೈಪ್ ಮಾಡಬೇಕು, ಇಲ್ಲವೇ ದುಡ್ಡು ಕೊಟ್ಟು ಫೋಟೋ ತೆಗೆಸಬೇಕು. ರಾತ್ರಿ ಕಾನೂನು ಕಾಲೇಜು. ಪುಸ್ತಕ ಕೊಳ್ಳೋಕೆ ದುಡ್ಡಿಲ್ಲದೆ ಲೈಬ್ರರೀಲಿ ಕೂತು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ತಿದ್ದರು. ಕಣ್ಣು ಮಂದ, ಅಪ್ಪನ ಸಂಧಿವಾತ ಈಗ ಮಗನಿಗೂ ಶುರುವಾಗಿತ್ತು. ಇದಕ್ಕೊಂದು ಮೆಷಿನ್ ಬೇಕು ಅನ್ನೋ ಹಟ ಹುಟ್ಟಿದ್ದು ಆ ನೋವಿನಿಂದಲೇ.

ಮೊದಲ ಲ್ಯಾಬ್ ಮನೆಯ ಅಡುಗೆಮನೆ. ಗಂಧಕದ ವಾಸನೆ ಕಟ್ಟಡಕ್ಕೆಲ್ಲ ಹರಡ್ತಿತ್ತಂತೆ! ಆಮೇಲೆ ಅಸ್ಟೋರಿಯಾದಲ್ಲಿ ಒಂದು ರೂಮ್ ಹಿಡಿದು, ಆಸ್ಟ್ರಿಯಾದಿಂದ ಬಂದಿದ್ದ ಆಟೋ ಕಾರ್ನೈ ಎಂಬ ಇಂಜಿನಿಯರ್‌ನನ್ನು ಸಹಾಯಕ್ಕೆ ಇಟ್ಟುಕೊಂಡರು. 1938ರ ಅಕ್ಟೋಬರ್ 22ರಂದು, ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಚಾರ್ಜ್ ಮಾಡಿದರು. ಗಾಜಿನ ಮೇಲೆ ದಿನಾಂಕ, ಊರಿನ ಹೆಸರು ಬರೆದು, ತಗಡಿನ ಮೇಲಿಟ್ಟು ಬೆಳಕು ಬಿಟ್ಟರು. ಬೆಳಕು ಬಿದ್ದಲ್ಲಿ ಚಾರ್ಜ್ ಹೋಯ್ತು, ಅಕ್ಷರದ ನೆರಳಲ್ಲಿ ಉಳಿಯಿತು. ಉದುರಿಸಿದ ಪುಡಿ ಅಲ್ಲಿಗೇ ಅಂಟಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಬಿಸಿ ಮಾಡಿದರು. ಮೊದಲ ಜೆರಾಕ್ಸ್ ರೆಡಿ!

ಹಳೇ ಅನಲಾಗ್ ಮೆಷಿನ್ ರಿಪೇರಿ ಮಾಡಿದವರಿಗೆ ಈ ಹಂತಗಳೆಲ್ಲ ಕೈಗೇ ಗೊತ್ತು. ಕಾಪಿ ಮಸುಕಾ? ಚಾರ್ಜ್ ಕೊಡುವ ಕೊರೋನಾ ವೈರ್‌ಗೆ ಧೂಳು ಕೂತಿರಬಹುದು. ಉದ್ದಕ್ಕೂ ಗೆರೆ ಬಂದರೆ ಡ್ರಮ್‌ಗೆ ಗೀರು ಬಿದ್ದಿರಬಹುದು. ಬೆರಳಿಗೆ ಮಸಿ ಹತ್ತಿದರೆ ಫ್ಯೂಸರ್ ಸರಿಯಾಗಿ ಕಾದಿಲ್ಲ.

ಅಷ್ಟಾದರೂ ಐಬಿಎಂ, ಕೊಡಾಕ್ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಬೇಡ ಅಂದವು. ಕಾರ್ನೈ ಬೇರೆ ಕೆಲಸ ಹಿಡಿದು ಹೊರಟುಹೋದರು. 1944ರಲ್ಲಿ ಬ್ಯಾಟೆಲ್ ಸಂಸ್ಥೆ, ಆಮೇಲೆ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಕೈಹಿಡಿದವು. ಈ ಹ್ಯಾಲಾಯ್ಡೇ ಮುಂದೆ ಜೆರಾಕ್ಸ್ ಆಯ್ತು. 1959ರಲ್ಲಿ ಬಂದ ಅವರ 914 ಮೆಷಿನ್ ಸುಮಾರು 290 ಕೆ.ಜಿ. ತೂಕವಿತ್ತು. ಕಾಗದ ಸಿಕ್ಕಿಕೊಂಡು ಹೊತ್ತಿಕೊಳ್ಳಬಹುದೆಂದು ಜೊತೆಗೆ ಬೆಂಕಿ ಆರಿಸುವ ಸಿಲಿಂಡರನ್ನೂ ಕೊಡ್ತಿದ್ದರು! ಆದರೂ ಆಫೀಸುಗಳು ಮುಗಿಬಿದ್ದವು. ಮೊದಲ ಕಾಪಿಯಿಂದ ಇಲ್ಲಿಗೆ ಬರೋಕೆ 21 ವರ್ಷ ಬೇಕಾಯ್ತು.

ಕಾರ್ಲ್‌ಸನ್‌ಗೆ ಹಣ ಹರಿದು ಬಂತು. ವೇದಾಂತ, ಝೆನ್ ಕಡೆ ಒಲವಿದ್ದ ಅವರು ಸುಮಾರು 10 ಕೋಟಿ ಡಾಲರ್ ದಾನ ಮಾಡಿದರು, ಹೆಚ್ಚಿನದ್ದು ಹೆಸರು ಹೇಳದೆ. 1968ರಲ್ಲಿ ನ್ಯೂಯಾರ್ಕಿನ ಸಿನಿಮಾ ಥಿಯೇಟರ್ ಒಂದರಲ್ಲಿ ಕೂತಲ್ಲೇ ತೀರಿಕೊಂಡರು.

ಮುಂದಿನ ಸಲ ಅಂಗಡೀಲಿ ಪೇಪರ್ ಜಾಮ್ ಆದರೆ ಅಣ್ಣನ ಮೇಲೆ ರೇಗಬೇಡಿ. ಅವರು ಮುಚ್ಚಳ ತೆಗೆದಾಗ ಒಮ್ಮೆ ಒಳಗೆ ಇಣುಕಿ. ಆ ಅಡುಗೆಮನೆಯ ಪ್ರಯೋಗ ಅಲ್ಲಿ ಇನ್ನೂ ನಡೀತಾ ಇದೆ.