ಪ್ಲೇಗ್ ಲಸಿಕೆಯ ಹಾಫ್ಕಿನ್

ನಮ್ಮ ನಾಡಿನ ಹಲವು ಊರುಗಳಲ್ಲಿ ಪ್ಲೇಗಿನಮ್ಮನ ಗುಡಿ ಇಂದಿಗೂ ಇದೆ. ಆ ಅಮ್ಮನನ್ನು ನಾವು ಮರೆತಿಲ್ಲ. ಆ ರೋಗಕ್ಕೆ ಲಸಿಕೆ ಕೊಟ್ಟ ಮಹನೀಯರನ್ನು ಮಾತ್ರ ಮರೆತಿದ್ದೇವೆ. ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವರನ್ನು ನೆನೆಯಬೇಕೆನಿಸಿತು.

ವಾಲ್ಡೆಮಾರ್ ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ. ಯಹೂದಿಯೆಂಬ ಕಾರಣಕ್ಕೆ ಅಲ್ಲಿ ಅಧ್ಯಾಪಕ ಹುದ್ದೆ ದಕ್ಕಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡು ನೋಡಿದರು. ಮರುವರ್ಷ ಭಾರತಕ್ಕೆ ಬಂದರು. ಕಲ್ಕತ್ತೆಯ ಬಡವರ ಬಸ್ತಿಗಳಲ್ಲಿ ಕುಡಿಯಲು, ಮೀಯಲು, ಬಟ್ಟೆ ಒಗೆಯಲು ಒಂದೇ ಕೆರೆ. ಕಾಲರಾ ಹರಡಲು ಇನ್ನೇನು ಬೇಕು? ಅಂಥ ಕೇರಿಗಳಲ್ಲಿ ತಿರುಗಿ ಲಸಿಕೆ ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸರ್ಕಾರ ಅವರನ್ನು ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ, ಬೆರಳೆಣಿಕೆಯ ಸಹಾಯಕರೊಂದಿಗೆ, ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ಮೊದಲ ಚುಚ್ಚುಮದ್ದು ಅವರ ಮೈಗೇ. 1898ರಲ್ಲಿ ರೋಗ ಹುಬ್ಬಳ್ಳಿ, ಬೆಂಗಳೂರುಗಳನ್ನೂ ಹೊಕ್ಕಿತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಇದೇ ಲಸಿಕೆ ಹಾಕಿಸಿಕೊಂಡರು. ಅದು ಪ್ಲೇಗನ್ನು ಪೂರ್ತಿ ತಡೆಯಲಿಲ್ಲ. ಆದರೆ ಎಷ್ಟೋ ಜೀವ ಉಳಿಸಿತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಹಾಕಿದ್ದು ಒಂದೇ ಬಾಟಲಿಯ ಲಸಿಕೆ. ವಿಚಾರಣಾ ಸಮಿತಿ ಪ್ರಯೋಗಾಲಯದತ್ತ ಬೆರಳು ತೋರಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡರು.

ಆದರೆ ಸಾಕ್ಷ್ಯ ಬೇರೆಯೇ ಹೇಳುತ್ತಿತ್ತು. ಬಾಟಲಿ ತೆರೆದಾಗ ದುರ್ವಾಸನೆ ಇರಲಿಲ್ಲ. ರೋಗಾಣು ಒಳಗೆ ಬೆಳೆದಿದ್ದರೆ ಇರಬೇಕಿತ್ತು. ಬಿರಡೆ ತೆಗೆಯುವ ಇಕ್ಕಳ ಅಂದು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಅದರಿಂದಲೇ ಬಾಟಲಿ ತೆರೆದಿದ್ದರು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆ, 1907ರಲ್ಲಿ ಹಾಫ್ಕಿನ್ ಆರೋಪಮುಕ್ತರಾದರು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಮತ್ತೆ ಕಲ್ಕತ್ತೆಗೆ ಬಂದರೂ ಮೊದಲಿನ ಸ್ವಾತಂತ್ರ್ಯ ಸಿಗಲಿಲ್ಲ. 1914ರಲ್ಲಿ ನಿವೃತ್ತರಾಗಿ ಹೋದರು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಅವರು ಕಟ್ಟಿದ ಮುಂಬಯಿಯ ಪ್ರಯೋಗಾಲಯಕ್ಕೆ 1925ರಲ್ಲೇ ಅವರ ಹೆಸರಿಟ್ಟಿದ್ದರು.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ದಿನವೂ ದೋಷ ಹುಡುಕುವವರು. ಏನಾದರೂ ಕೆಟ್ಟಾಗ ತಪ್ಪು ಯಾರದು ಎನ್ನುವ ಮೊದಲು, ಎಲ್ಲಿ ಆಯಿತು ಎಂದು ನೋಡಬೇಕು. ಮುಲ್ಕೋವಾಲ್‌ನಲ್ಲಿ ಅದನ್ನು ಮೊದಲೇ ನೋಡಿದ್ದರೆ, ಇಕ್ಕಳ ಶುದ್ಧವಾಗಿಡುವ ಪಾಠ ಎಲ್ಲ ಹಳ್ಳಿಗಳಿಗೂ ಅಂದೇ ತಲುಪುತ್ತಿತ್ತು. ದೊಡ್ಡ ಲಸಿಕೆಯ ಗೆಲುವೂ ಕೊನೆಗೆ ಹಳ್ಳಿಯ ಒಂದು ಮೇಜಿನ ಮೇಲಿನ ಶುಚಿತ್ವವನ್ನೇ ನಂಬಿರುತ್ತದೆ. ನಮ್ಮ ಶಾಲೆಯ ಮಕ್ಕಳು ಪ್ರಯೋಗಾಲಯದಲ್ಲಿ ಇಕ್ಕಳ ಹಿಡಿದಾಗ ಈ ಕಥೆಯನ್ನು ಒಮ್ಮೆ ನೆನೆದರೆ ಸಾಕು.