ಎಡ್ವಿನ್ ಹರ್ಬರ್ಟ್ ಹಾಲ್

ಮನೆಯ ದೀಪ, ಪಂಖಗಳಲ್ಲಿ ಹರಿಯುವ ಪರ್ಯಾಯ ವಿದ್ಯುತ್ತನ್ನು ಅಳೆಯಲು ಇಂದು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕವೂ ಅದಕ್ಕೆ ಜೋಡಿಸಿದ ಒಂದು ಸಂವೇದಕವೂ ಸಾಕು. ಇಂತಹ ಅನೇಕ ಸಂವೇದಕಗಳ ಮೂಲತತ್ತ್ವವನ್ನು ಕಂಡುಹಿಡಿದವರು ಅಮೆರಿಕದ ಭೌತವಿಜ್ಞಾನಿ ಎಡ್ವಿನ್ ಹಾಲ್.

ಮೇನ್ ಸಂಸ್ಥಾನದ ಗೋರಮ್‌ನಲ್ಲಿ 1855ರ ನವೆಂಬರ್ 7ರಂದು ಜನಿಸಿದ ಹಾಲ್, 1875ರಲ್ಲಿ ಪದವೀಧರರಾಗಿ ಎರಡು ವರ್ಷ ಶಾಲಾ ಮುಖ್ಯೋಪಾಧ್ಯಾಯರಾಗಿದ್ದರು. ಅನಂತರ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲೆಂಡರ ಶಿಷ್ಯರಾದರು. ಅಯಸ್ಕಾಂತದ ಬಲವು ತಂತಿಯ ಮೇಲೆ ವರ್ತಿಸುವುದೇ ಹೊರತು ಅದರೊಳಗಿನ ಪ್ರವಾಹದ ಮೇಲಲ್ಲವೆಂಬ ಮ್ಯಾಕ್ಸ್‌ವೆಲ್ಲರ ಮತ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಂತಹ ಮೇಧಾವಿಯ ಗ್ರಂಥವನ್ನು ಸಂಶಯಿಸುವುದು ವಿದ್ಯಾರ್ಥಿಯೊಬ್ಬನಿಗೆ ಸಣ್ಣ ಸಾಹಸವಲ್ಲ. ರೋಲೆಂಡರಿಗೂ ಅದೇ ಸಂಶಯವಿತ್ತು. ತಾವೇ ಪ್ರಯೋಗಿಸಿ ವಿಫಲರಾಗಿದ್ದರು. ತಮಗೆ ದಕ್ಕದುದನ್ನು ಶಿಷ್ಯನಿಗೆ ಬಿಟ್ಟುಕೊಟ್ಟ ಆ ಗುರುವಿನ ಔದಾರ್ಯವೂ ಸ್ಮರಣೀಯ.

ತಂತಿಯ ಮೇಲಿನ ಮೊದಲ ಪ್ರಯತ್ನ ಫಲಿಸಲಿಲ್ಲ. ಬಳಿಕ ಗುರುವಿನ ಸಲಹೆಯಂತೆ ಗಾಜಿನ ಫಲಕಕ್ಕೆ ತೆಳುವಾದ ಚಿನ್ನದ ರೇಕನ್ನು ಅಂಟಿಸಿ, ಅದರುದ್ದಕ್ಕೂ ವಿದ್ಯುತ್ತನ್ನು ಹರಿಸಿ, ವಿದ್ಯುದಯಸ್ಕಾಂತದ ಧ್ರುವಗಳ ನಡುವೆ ಇರಿಸಿದರು. 1879ರ ಅಕ್ಟೋಬರಿನಲ್ಲಿ ರೇಕಿನ ಎರಡು ಅಂಚುಗಳ ನಡುವೆ ಅಡ್ಡಲಾಗಿ ಅತಿ ಸೂಕ್ಷ್ಮವಾದ ವಿಭವಾಂತರವೊಂದು ಕಾಣಿಸಿತು. ಮುಂದಿನ ತಿಂಗಳ 5ರಂದೇ ಮ್ಯಾಕ್ಸ್‌ವೆಲ್ ನಿಧನರಾದರು. ಎಲೆಕ್ಟ್ರಾನಿನ ಪರಿಚಯವೇ ಆಗಿರದ ಕಾಲವದು; ಥಾಮ್ಸನ್ನರು ಅದನ್ನು ತೋರಿದ್ದು 1897ರಲ್ಲಿ.

1881ರಲ್ಲಿ ಹಾರ್ವರ್ಡ್ ಸೇರಿದ ಹಾಲ್, 1921ರವರೆಗೂ ಅಲ್ಲಿಯೇ ಬೋಧಿಸಿದರು. ಪ್ರವೇಶಾರ್ಥಿಗಳು ಶಾಲೆಯಲ್ಲಿಯೇ ಸ್ವತಃ ಮಾಡಿರಬೇಕಾದ ಸುಮಾರು 40 ಪ್ರಯೋಗಗಳ ಪಟ್ಟಿಯನ್ನು ಅವರು ಸಿದ್ಧಪಡಿಸಿದರು. ಅಮೆರಿಕದ ಶಾಲೆಗಳಿಗೆ ಪ್ರಯೋಗಾಲಯಗಳು ಬರುವುದಕ್ಕೆ ಅದು ಬಹುಮಟ್ಟಿಗೆ ಕಾರಣವಾಯಿತು. ಅಧ್ಯಾಪಕರ ದೃಷ್ಟಿಯಲ್ಲಿ ಇದು ಅವರ ಆವಿಷ್ಕಾರಕ್ಕಿಂತ ಕಡಿಮೆಯ ಸೇವೆಯಲ್ಲ. 1938ರ ನವೆಂಬರ್ 20ರಂದು ಅವರು ಕಾಲವಾದರು.

ಲೋಹದಲ್ಲಿ ಅತ್ಯಲ್ಪವಾಗಿದ್ದ ಆ ಪರಿಣಾಮ ಅರೆವಾಹಕಗಳು ಬಂದ ಮೇಲೆ ವ್ಯಾಪಕ ಬಳಕೆಗೆ ಒದಗಿತು. ಪ್ರಚಲಿತವಾದ 5 ಆಂಪಿಯರಿನ ಒಂದು ಸಂವೇದಕವು ಪ್ರವಾಹವಿಲ್ಲದಾಗ 2.5 ವೋಲ್ಟನ್ನು ನೀಡುತ್ತದೆ. ಪ್ರತಿ ಆಂಪಿಯರಿಗೆ 0.185 ವೋಲ್ಟಿನಷ್ಟು ಅದರಿಂದ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಅಳೆಯಬೇಕಾದ ಪ್ರವಾಹಕ್ಕೂ ಗಣಕಕ್ಕೂ ನೇರ ಸಂಪರ್ಕವಿಲ್ಲ. ನಡುವಣ ಸೇತುವೆ ಕಾಂತಕ್ಷೇತ್ರವೊಂದೇ. ನಮ್ಮಲ್ಲಿ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುವುದರಿಂದ, ಬರಿಯ ಸರಾಸರಿ ತೆಗೆದರೆ ಧನ ಋಣಗಳು ಪರಸ್ಪರ ಕಳೆದು ಸೊನ್ನೆಯೇ ಉಳಿಯುವುದು. ಆದ್ದರಿಂದ ಗಣಕವು 20 ಮಿಲಿಸೆಕೆಂಡುಗಳ ಒಂದೊಂದು ಆವರ್ತದಲ್ಲಿಯೂ ಹಲವು ಬಾರಿ ಅಳೆದು, ಪ್ರತಿಯೊಂದರಿಂದ ಆ 2.5 ವೋಲ್ಟನ್ನು ಕಳೆದು, ವರ್ಗಿಸಿ, ವರ್ಗಗಳ ಸರಾಸರಿಗೆ ವರ್ಗಮೂಲವನ್ನು ತೆಗೆದು, 0.185ರಿಂದ ಭಾಗಿಸಿ ಆಂಪಿಯರುಗಳನ್ನು ತಿಳಿಸುತ್ತದೆ.